ಒಂಬತ್ತು ಸೆಂಟಿಮೀಟರ್ ನೀರು

ಗಾಳಿಯನ್ನು ನೀರಿನಲ್ಲಿ ಅಳೆಯುತ್ತಾರಂತೆ.
ಒಂಬತ್ತು ಸೆಂಟಿಮೀಟರ್ ನೀರು, ಮೇಡಂ, ಇಷ್ಟೇ, ಅಂದ
ಮೆಷಿನ್ನು ಹೊತ್ತು ತಂದ ಇರ್ಫಾನ್,
ಬೆರಳಗಲಿಸಿ ಗೇಣಿಗೂ ಕಡಿಮೆ ತೋರಿಸಿ.
ಕೆಇಬಿ ಕಾಲದಿಂದ ಕರೆಂಟನ್ನು ಯೂನಿಟ್ಟಿನಲ್ಲಿ ಅಳೆದು
ರಸೀದಿ ಹರಿದುಕೊಟ್ಟವಳು ನಾನು,
ಮತ್ತಿಕೆರೆಯ ಬಿಲ್ ಕೌಂಟರಿನಲ್ಲಿ.
ಅಳತೆಯ ಮೇಲೆ ಜಗಳ ತೆಗೆಯುವವರನ್ನು ಬೇಕಾದಷ್ಟು ಕಂಡಿದ್ದೇನೆ.
ನಾನು ತೆಗೆಯಲಿಲ್ಲ. ಸಹಿ ಹಾಕಿದೆ.

ಹೆಂಗಸು ಗೊರಕೆ ಹೊಡೆಯುತ್ತಾಳೆಂದು
ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.
ಮದುವೆಮನೆಗಳಲ್ಲಿ, ಸಾಲಾಗಿ ಜಮಖಾನ ಹಾಸಿದ ರಾತ್ರಿ
ಗೋಡೆಗೊರಗಿ ಕೂತೇ ಬೆಳಗು ಮಾಡಿದ್ದೇನೆ.
"ಮಲಗೇ ಗಿರಿಜಾಂಬ" ಎಂದರೆ
"ನಿದ್ದೆ ಬರ್ತಿಲ್ಲ ಕಣೇ."
ಬರುತ್ತಿತ್ತು. ಹಗಲೂ ಬರುತ್ತಿತ್ತು,
ಸಾಲಿನವರು ಗಾಜಿಗೆ ನಾಣ್ಯ ಕುಟ್ಟಿ ಎಬ್ಬಿಸುವ ತನಕ.
"ಸರ್ಕಾರಿ ನಿದ್ದೆ" ಅಂದನೊಬ್ಬ.
ನಾನೂ ನಕ್ಕು ಚಿಲ್ಲರೆ ಕೊಟ್ಟೆ,
ಹತ್ತು ರೂಪಾಯಿ ಹೆಚ್ಚಿಗೆ.

ಆಸ್ಪತ್ರೆಯಲ್ಲಿ ಕೂದಲ ನಡುವೆ ಗೋಂದು ಮೆತ್ತಿ
ಇಪ್ಪತ್ತೆರಡು ತಂತಿ ಅಂಟಿಸಿದರು.
ನಮ್ಮ ಲೈನ್‌ಮನ್ ಬಸವಲಿಂಗ ನೋಡಿದ್ದರೆ
ಅರ್ಥಿಂಗ್ ಎಲ್ಲಿ ಕೊಟ್ಟಿದ್ದೀರಿ ಅಂತ ಕೇಳುತ್ತಿದ್ದ.
ಬೆಳಿಗ್ಗೆ ಕಾಗದ ಬಂತು:
ಗಂಟೆಗೆ ನಲವತ್ತೊಂದು ಸಲ ಉಸಿರು ನಿಂತಿದೆ,
ಒಮ್ಮೆಯಂತೂ ಐವತ್ತೆಂಟು ಸೆಕೆಂಡು.
ಅಷ್ಟು ಹೊತ್ತು ನಾನೆಲ್ಲಿದ್ದೆ?
ಕಾಗದದಲ್ಲಿ ಅಲ್ಲೊಂದು ಸಪಾಟು ಗೆರೆ,
ಎರಡು ಗುಡ್ಡಗಳ ನಡುವೆ ಯಾರೋ
ಸ್ಕೇಲಿಟ್ಟು ಎಳೆದ ಹಾಗೆ.

ಮಾಸ್ಕು ಕೂರಲಿಲ್ಲ. ಎಡಗಡೆ ಗಾಳಿ ಸೋರಿ
ಕಣ್ಣಿಗೆ ಊದುತ್ತಿತ್ತು.
ಇರ್ಫಾನ್ ನೆಲ ನೋಡುತ್ತ,
"ಆ ಮೂಗುಬೊಟ್ಟು, ಮೇಡಂ... ರಾತ್ರಿ ಮಾತ್ರ..."
ಏಳು ಕಲ್ಲಿನದು. ಹನ್ನೊಂದರ ವಯಸ್ಸಿಗೆ ಚುಚ್ಚಿಸಿದ್ದು,
ತಿರುಪು ಕಚ್ಚಿಕೊಂಡುಬಿಟ್ಟಿತ್ತು.
ಅದನ್ನು ಯಾವಾಗ ತೆಗೆಯುತ್ತಾರೆಂದು
ನನ್ನ ಓರಗೆಯವರಿಗೆಲ್ಲ ಗೊತ್ತು.
ಕೊನೆಗೆ ನಮ್ಮನೆಯವರೇ ಟಾರ್ಚು ಹಿಡಿದು
ಕೊಬ್ಬರಿಎಣ್ಣೆ ಬಿಟ್ಟು ತಿರುಗಿಸಿದರು:
"ನಾನಿನ್ನೂ ಇಲ್ಲೇ ಇದ್ದೀನಲ್ಲ, ತೆಗಿ."

ನಾಲ್ಕು ರಾತ್ರಿ ಕಿತ್ತೆಸೆದೆ.
ಬಾಯಿ ತೆರೆದರೆ ಗಾಳಿಯೇ ಹೊರಗೆ ನುಗ್ಗಿ
ಮಾತು ಒಳಗೇ ಉಳಿಯುತ್ತಿತ್ತು.
ಐದನೆಯದು ಗೊತ್ತಿಲ್ಲ,
ಕಣ್ಣು ಬಿಟ್ಟಾಗ ಹಾಲಿನವನು ಬಂದು ಹೋಗಿದ್ದ.

ಮೆಷಿನ್ನಿಗೂ ನೀರು ಬೇಕು.
ಬೋರ್‌ವೆಲ್ಲಿಂದು ಆಗದು, ಕಾವೇರಿಯೂ ಆಗದು,
ಬ್ಯಾಟರಿ ಅಂಗಡಿಯ ಬಟ್ಟಿ ಇಳಿಸಿದ ನೀರೇ ಆಗಬೇಕು.
"ಯಾವ ಗಾಡಿಗೆ, ಆಂಟಿ?"
"ಹಳೇದಪ್ಪ."

ಒಂಬತ್ತನೇ ರಾತ್ರಿ, ಎರಡೂಕಾಲಿಗೆ ಕರೆಂಟು ಹೋಯಿತು.
ಮುಖದ ಮೇಲೆ ಯಾರೋ ಅಂಗೈ ಇಟ್ಟಂತಾಗಿ ಎದ್ದೆ.
ನಮ್ಮನೆಯವರು ಹಳೇ ಕ್ಯಾಲೆಂಡರಿನಿಂದ ಬೀಸುತ್ತ ಕೂತರು.
ಇದಕ್ಕೆಷ್ಟು ಸೆಂಟಿಮೀಟರು ಅಂದೆ.
ಗೇಣು ತೋರಿಸಿದರೋ ಏನೋ, ಕತ್ತಲೆ.
೧೯೧೨ಕ್ಕೆ ಫೋನು ಮಾಡಿದೆ. ಬೆಸ್ಕಾಂನವಳೆಂದು ಹೇಳಲಿಲ್ಲ.
"ಆರ್‌ಆರ್ ನಂಬರ್ ಹೇಳಿ, ಮೇಡಂ.
ಕೆಲಸ ನಡೀತಿದೆ, ಬರುತ್ತೆ."
ಅದೇ ಮಾತು, ಅದೇ ದನಿ.
ಗಾಜಿನ ಈಚೆಯಿಂದ ಎಷ್ಟು ಸಲ ಆಡಿದ್ದೇನೋ.

ಗೋಕುಲದ ದೊರೈರಾಜು ನೆನಪಾದರು.
ಹೆಂಡತಿಗೆ ಆಕ್ಸಿಜನ್ ಹಾಕಿದ್ದ ವರ್ಷ
ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು:
"ಮನೇಲಿ ಮೆಷಿನ್ ಇದೆಯಮ್ಮ. ಮೊದಲೇ ಒಂದು ಮಾತು ತಿಳಿಸಿದ್ರೆ..."
ಅರ್ಜಿ ಬರೆದುಕೊಡಿ, ಅಂದಿದ್ದೆ.
ಬರೆದುಕೊಟ್ಟರು. ಕನ್ನಡ ಬಾರದವರು,
ಯಾರಿಂದಲೋ ಬರೆಸಿ, ಕೆಳಗೆ ತಮಿಳಿನಲ್ಲಿ ಸಹಿ.
ಸಹಿ ನೆನಪಿದೆ.
ಯಾವ ಕಡತಕ್ಕೆ ಹಾಕಿದೆನೋ ನೆನಪಿಲ್ಲ.
ಆಮೇಲೆ ಅವರು ಬಂದದ್ದೂ ಇಲ್ಲ.

ಮೂರು ಹತ್ತಕ್ಕೆ ಮೊದಲು ಫ್ರಿಜ್ಜು ನಡುಗಿತು,
ಬೀದಿದೀಪ, ಪಕ್ಕದ ಮನೆಯ ಮೋಟಾರು,
ಆಮೇಲೆ ನನ್ನ ಗಾಳಿ.
ಪಟ್ಟಿ ಬಿಗಿದುಕೊಂಡು ಮಲಗಿದೆ.
ನಿದ್ದೆ ಬಂತು. ಬೇಗನೇ ಬಂತು,
ನಾಚಿಕೆಯಾಗುವಷ್ಟು ಬೇಗ.