ಕೊಸರು

ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ
ಸೀಮೆಸುಣ್ಣದ ಎರಡು ಗೀಟು.
ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ,
ಆರು ನಿಮಿಷ, ಆದಷ್ಟು ನಡೀರಿ ಅಂದರು.
ಅವ್ವ ಸೆರಗು ಸಿಕ್ಕಿಸಿಕೊಂಡಳು
ಭಟ್ಟಿಗೆ ಹೊರಟವಳ ಹಾಗೆ.
ಬೆರಳಿಗೆ ಕಚ್ಚಿದ ಯಂತ್ರ ಕೆಂಪಗೆ ಮಿಣುಕಿತು.
ಎರಡು ಸಲ ಗೋಡೆ ಹಿಡಿದು ನಿಂತಳು,
ಒಂದು ಸಲ ನನ್ನ ಭುಜ.
ನೀವು ಮುಟ್ಟಬಾರದು ಅಂದಳು ನರ್ಸು.
ತೊಂಬತ್ತೇಳು ಮೀಟರ್, ಬರೆದುಕೊಂಡಳು.

ಇಪ್ಪತ್ತಾರು ವರ್ಷ ಮಂಡಕ್ಕಿ ಭಟ್ಟಿಯಲ್ಲಿ
ಕಾದ ಮರಳೊಳಗೆ ಅಕ್ಕಿ ಅರಳುವುದನ್ನು ಕಾದವಳು.
ಒಲೆಗೆ ಹೊಟ್ಟು, ಹೊಟ್ಟು ಸಾಲದ ದಿನ ಹಳೇ ಟೈರು.
ಊರು ಮೆಣಸಿನಕಾಯಿ ಕಚ್ಚಿಕೊಂಡು ಮಂಡಕ್ಕಿ ತಿಂದು
ಬಾಯೊರೆಸಿಕೊಂಡಿತು.
ಹೊಗೆ ಮಾತ್ರ ಬಾಡಿಗೆ ಕೊಡದೆ
ಇವಳ ಎದೆಯಲ್ಲೇ ಉಳಿಯಿತು.
ನಾನು ಚಿಕ್ಕವಳಿದ್ದಾಗ ಅವಳ ಉಗುಳು ಕಪ್ಪಗಿರುತ್ತಿತ್ತು.
ಎಲ್ಲ ಅವ್ವಂದಿರ ಉಗುಳೂ ಹಾಗೇ ಅಂದುಕೊಂಡಿದ್ದೆ.

ನನ್ನ ಓಟ ಶುರುವಾದದ್ದು ಯಾವ ಘನ ಉದ್ದೇಶಕ್ಕೂ ಅಲ್ಲ.
ಸಕ್ಕರೆ ಗಡಿಯಲ್ಲಿದೆ, ನಡೀರಿ ಅಂದಿದ್ದರು ನನಗೂ.
ನಡೆಯುವುದೆಂದರೆ ಆ ಪಡಸಾಲೆ ನೆನಪಾಗಿ, ಓಡಿದೆ.
ಕುಂದವಾಡ ಕೆರೆ ಏರಿ, ಬೆಳಗಿನ ಐದು,
ಚೂಡಿದಾರದ ಮೇಲೆ ತಮ್ಮನ ಹಳೇ ಟೀ ಶರಟು,
ನೀರುಕೋಳಿಗಳಿಗೂ ನಗು.
ಬ್ಯಾಂಕಿನ ಶಕೀಲಾ ಮೇಡಂ ಜೊತೆಗೂಡಿದರು.
ಹಾಫ್ ಮ್ಯಾರಥಾನ್ ಅಂದರೆ ಎಷ್ಟು ಗೊತ್ತಾ?
ಇಪ್ಪತ್ತೊಂದು ಕಿಲೋಮೀಟರ್,
ಮೇಲೆ ಕೊಸರು ತೊಂಬತ್ತೇಳು ಮೀಟರ್.
ನಿಂತುಬಿಟ್ಟೆ.
ಲೇಸು ಬಿಚ್ಚಿತಾ ಅಂದರು.
ಹೌದು ಅಂದೆ.

ಅವತ್ತೇ ಠರಾಯಿಸಿದೆ:
ಇಪ್ಪತ್ತೊಂದು ನನ್ನದು, ಕೊಸರು ಅವ್ವನದು.
ಆ ಕೊನೆಯ ತೊಂಬತ್ತೇಳನ್ನು ನಡೆಯುತ್ತೇನೆ,
ಅವಳ ಹಾಗೇ, ಎರಡು ಸಲ ನಿಂತು.

ಶ್ರಾವಣದ ಭಾನುವಾರ. ಕ್ರೀಡಾಂಗಣದ ಗೇಟು, ಪಿ.ಬಿ. ರಸ್ತೆ,
ಬಾತಿ ಗುಡ್ಡದ ಮೇಲೆ ಇನ್ನೂ ಮಬ್ಬು.
ಎಂಟರ ತನಕ ಅತ್ತೆಯಂದಿರ ವಿಷಯ ಮಾತಾಡಿದೆವು.
ಹನ್ನೆರಡಕ್ಕೆ ಮಾತು ಬಿತ್ತು,
ಹದಿನಾಲ್ಕಕ್ಕೆ ಶಕೀಲಾ ಮೇಡಂ ಹಿಂದುಳಿದರು,
ಹದಿನೇಳಕ್ಕೆ ನನ್ನ ಎಡ ಮೀನಖಂಡ
ಬೇರೆ ಸಂಸಾರ ಹೂಡಿತು.
ಊರು ಹತ್ತಿರವಾದಂತೆ ಗಾಳಿಯಲ್ಲಿ ಅದೇ ವಾಸನೆ,
ಹುರಿದ ಅಕ್ಕಿ, ಸುಟ್ಟ ಹೊಟ್ಟು.
ಮೂಗು ಮುಚ್ಚಲು ಕೈ ಎತ್ತಿದೆ, ಮುಚ್ಚಲಿಲ್ಲ.
ಒಳಗೆಳೆದುಕೊಂಡೆ. ಹೊರಗೆ ಬಿಟ್ಟೆ.
ಬಿಡುವುದಕ್ಕೆ ಬಂತು ನನಗೆ.
ಅಷ್ಟೇ ವ್ಯತ್ಯಾಸ.

ಇಪ್ಪತ್ತೊಂದರ ಫಲಕ ದಾಟಿತು.
ನಿಲ್ಲು, ಅಂದೆ ಕಾಲಿಗೆ.
ಕೊಟ್ಟಿಗೆ ಕಂಡ ಎಮ್ಮೆಗಳ ಹಾಗೆ
ಓಡಿಯೇ ಬಿಟ್ಟವು ಎರಡೂ,
ಅವ್ವನ ಆರು ನಿಮಿಷವನ್ನು ಅರ್ಧ ನಿಮಿಷದಲ್ಲಿ ತುಳಿದುಕೊಂಡು.
ಕೊರಳಿಗೆ ಪದಕ ಹಾಕಿದಾಗ
ಕಳ್ಳಿಯ ಹಾಗೆ ತಲೆ ತಗ್ಗಿಸಿದ್ದೆ.

ಮನೆಯಲ್ಲಿ ಅವ್ವ ಮಂಚದ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು.
ಪಕ್ಕದಲ್ಲಿ ಆಮ್ಲಜನಕದ ಯಂತ್ರ
ಬೆಕ್ಕಿನಂತೆ ಗುರುಗುಡುತ್ತಿತ್ತು.
"ಯಾರ್ ಬೆನ್ ಹತ್ತಿದ್ರೇ ಚೌಡಿ, ಹಿಂಗ್ ಓಡಾಕೆ?"
ತಪ್ಪೊಪ್ಪಿಕೊಂಡೆ, ಕೊಸರಿನ ಕತೆ ಪೂರ್ತಿ.
ಅವಳ ಉಗುರು ಸಿಪ್ಪೆ ಬಿಡಲಿಲ್ಲ.
"ಅದನ್ನೂ ಓಡಿದ್ಯಾ? ಚಲೋ ಆತ್ ಬಿಡು.
ನನ್ನಂಗ್ ನಡಿಯಾಕೆ ನಾನಿಲ್ಲೇನು?"

ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ.
ಡಿಸೆಂಬರಿಗೆ ಹುಬ್ಬಳ್ಳಿ, ಇನ್ನೊಂದು ಇಪ್ಪತ್ತೊಂದು.
ಫೆಬ್ರವರಿಗೆ ದುರ್ಗ, ಹತ್ತೇ ಕಿಲೋಮೀಟರ್, ಆದರೆ ಏರು.
ಫೆಬ್ರವರಿಗೆ ಹಾಳೆ ಇರಲಿಲ್ಲ, ಗೋಡೆಯ ಮೇಲೇ ಬರೆದೆ.
ಅದರ ಪಕ್ಕ, ಸಣ್ಣಗೆ, ಪೆನ್ಸಿಲ್ಲಿನಲ್ಲಿ: ನಲವತ್ತೆರಡು.
ವರ್ಷ ಬರೆಯಲಿಲ್ಲ.

"ನಂದೂ ಬರಿ," ಅಂದಳು ಅವ್ವ.
"ಬಚ್ಚಲ ತನ್ಕ ಹನ್ನೊಂದ್ ಹೆಜ್ಜಿ, ಅದು ಆಗ್ತೈತಿ.
ಮುಂದಿನ್ ಅಮಾಸಿಗೆ ತಲಬಾಗ್ಲು.
ದೀಪಾವಳಿಗೆ ನಲ್ಲಿ ಕಟ್ಟೆ.
ಅಲ್ಲಿ ಜೈನಾಬಿ ಬಂದ್ ಕುಂದರ್ತಾಳೆ,
ಭಟ್ಟಿ ಬಿಟ್ ಮ್ಯಾಲೆ ಮಾರಿ ನೋಡಿಲ್ಲ ನಾವು."

ಪೆನ್ಸಿಲ್ ಎತ್ತಿಕೊಂಡೆ.

"ಅದ್ರಾಗ್ ಬ್ಯಾಡ. ಪೆನ್ನಾಗ್ ಬರಿ."