ಮೂರು ನಿಮಿಷ

ಕರಾರು ಇಷ್ಟೇ: ದಿನಾ ಬೆಳಿಗ್ಗೆ ಆರೂವರೆಗೆ
ಒಂದು ಮಿಸ್ಡ್ ಕಾಲ್. ಎರಡು ರಿಂಗಿಗೆ ಕಟ್.
ಎತ್ತುವಂತಿಲ್ಲ.
ಗೋಪಾಳದ ಕರಿಬಸಮ್ಮ ನನಗೆ,
ನಾನು ವಿನೋಬನಗರದ ಹುಚ್ಚರಾಯಪ್ಪನಿಗೆ,
ಹುಚ್ಚರಾಯಪ್ಪ ಸೀಗೆಹಟ್ಟಿಯ ಖತೀಜಾಬಿಗೆ,
ಹೀಗೇ ಏಳು ಮನೆ ಸುತ್ತಿ ಕರಿಬಸಮ್ಮನ ಮೊಬೈಲು
ಕುಂಯ್ ಅಂದರೆ
ಇವತ್ತಿಗೆ ಎಲ್ಲರೂ ಇದ್ದೇವೆ ಅಂತ.

ಕರೆನ್ಸಿ ಎಣಿಸುವ ಕಾಲದ ರೂಲು.
ಈಗ ಎಷ್ಟು ಮಾತಾಡಿದರೂ ಅಷ್ಟೇ ದುಡ್ಡು.
ಆದರೂ ಯಾರೂ ಎತ್ತಿದ್ದಿಲ್ಲ.
ಎತ್ತಿದರೆ ಆಡುವುದಕ್ಕೇನಿದೆ,
ಮೊಣಕಾಲು, ಬಿಪಿ, ನಿನ್ನೆಯದೇ ಸಾರು.

ಇವತ್ತು ಒಂದೇ ರಿಂಗಿಗೆ ಎತ್ತಿಬಿಟ್ಟ.
"ರೋಸಲಿನ್ ಮೇಡಂ, ಕುಂಸಿ ಆದಮೇಲೆ ಯಾವ ಸ್ಟಾಪು?
ರಾತ್ರಿಯೆಲ್ಲ ಎಣಿಸಿದೆ. ಆಯನೂರು, ಕುಂಸಿ...
ಮುಂದೆ ಬರ್ತಿಲ್ಲ."
ಇಪ್ಪತ್ತೆಂಟು ವರ್ಷ ಸಾಗರದ ಬಸ್ಸಿಗೆ ಸೀಟಿ ಊದಿದ ಮನುಷ್ಯ.
"ಚೋರಡಿ" ಅಂದೆ.
ಸ್ವಲ್ಪ ಹೊತ್ತು ಬರೀ ಉಸಿರು.
"ಹೌದಲ್ರೀ. ಚೋರಡಿ."

ಆಮೇಲೆ ಶುರುವಾಯಿತು ನೋಡಿ:
ಚೋರಡಿಯಲ್ಲಿ ಕಳಲೆ ಬುಟ್ಟಿ ಹೊತ್ತು ಹತ್ತುತ್ತಿದ್ದವಳು,
ಬುಟ್ಟಿಗೂ ಟಿಕೇಟೇ ಅಂತ ಆನಂದಪುರದ ತನಕ ಜಗಳ ಕಾದು
ಇಳಿಯುವಾಗ ಎರಡು ಕಳಲೆ ಅವನ ಚೀಲಕ್ಕೆ ತುರುಕಿದ್ದು,
ನೀರಲ್ಲಿ ನೆನೆಸಬೇಕೆಂದು ತಿಳಿಯದೆ
ಹೊಸ ಹೆಂಡತಿ ಹಾಗೇ ಬೇಯಿಸಿ,
ಇಬ್ಬರೂ ಕಹಿ ಕಹಿ ಉಂಡಿದ್ದು.

ನನ್ನ ಕಣ್ಣು ಗಡಿಯಾರಕ್ಕೆ ಹೋಗಿತ್ತು.
ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ
ಯಾರದೋ ಅಳು, ಯಾರದೋ ಲಗ್ನದ ಮಾತಿನ ನಡುವೆ
"ಮೂರು ನಿಮಿಷ ಆಯ್ತು" ಅಂದವಳು ನಾನು.
ನಾಲಿಗೆ ತುದಿಗೇ ಬಂದಿತ್ತು. ನುಂಗಿದೆ.

ಅಷ್ಟರಲ್ಲಿ ಅತ್ತ ಬಾಗಿಲು ದಬದಬ.
ಆಟೋ ಗುರುಗುಟ್ಟುವ ಸದ್ದು, ಅದರ ಮೇಲೆ ಖತೀಜಾಬಿ:
"ರಿಂಗು ಬರಲಿಲ್ಲ ಅಂತ ಜೀವ ಬಾಯಿಗೆ ಬಂದು ಓಡಿಬಂದರೆ
ಇಲ್ಲಿ ಹರಟೆ ಹೊಡೀತಾ ಕೂತಿದೀರಾ?
ನೋಡಿ, ಕಾಲಲ್ಲಿರೋ ಚಪ್ಪಲಿ ಒಂದೊಂದು ಜೋಡಿದು!"
ಅವನೇನೋ ತೊದಲಿದ. ಕುರ್ಚಿ ಎಳೆದ ಸದ್ದು.
ಲೋಟ ಇಟ್ಟ ಸದ್ದು. ಯಾರೋ ನಕ್ಕರು,
ಯಾರೆಂದು ತಿಳಿಯಲಿಲ್ಲ.
ಆಟೋದವನು ನೂರು ಕೇಳುತ್ತಿದ್ದಾನೆ.
ನನ್ನ ಕಿವಿಯಲ್ಲಿ ಬೀಪ್ ಬೀಪ್,
ರಿಂಗು ತಿರುಗಿ ಬರದ ಕರಿಬಸಮ್ಮ ಇರಬೇಕು.

ಕದ್ದು ಕೇಳಬಾರದು, ಕೇಳಿಸಿದರೂ ನಡುವೆ ಬಾಯಿ ಹಾಕಬಾರದು;
ಆ ಕೆಲಸದ ಧರ್ಮ ಅದು.
ಗಂಟಲು ಸರಿಮಾಡಿಕೊಂಡು ಜೋರಾಗಿ ಅಂದೆ:
"ಹಲೋ, ಲೈನಲ್ಲಿ ನಾನೂ ಇದ್ದೀನ್ರೀ."