ಆರನೆಯ ರೆಕ್ಕೆ

ತದಡಿಯ ಧಕ್ಕೆ. ಇಳಿತದ ಹೊತ್ತು.
"ಉಚ್ಚೆ ಸಣ್ಣಗಾಗಿದೆ ಮಾರಾಯ," ಅಂದ ಪುರ್ಸು ಹರಿಕಾಂತ,
ಎಂಜಿನ್ನಿನ ಬೆನ್ನ ಮೇಲೆ ಕೈಯಿಟ್ಟು.
ಅಂದವನೇ ನಕ್ಕ: "ಇದರದ್ದು. ನನ್ನದಕ್ಕೆ
ಕುಮಟೆಯಲ್ಲಿ ಮಾತ್ರೆ ಕೊಟ್ಟಿದ್ದಾರೆ."

ಮೊದಲು ಕಿರುತೂತಿಗೆ ಗಾಳದ ದಾರ ತೂರಿಸಿದೆ.
ಒಂದು ಚಿಟಿಕೆ ಉಪ್ಪು ಬಂತು, ಧಾರೆ ಬರಲಿಲ್ಲ.
ನೀರು ಹೀರುವ ಜಾಲರಿ ಕೆರೆದೆ:
ಕೆಸರು, ಪಾಚಿ, ಬಳಚಿನ ಚಿಪ್ಪಿನ ಚೂರು.
ಡ್ರಮ್ಮಿನ ನೀರಲ್ಲಿ ನಿಲ್ಲಿಸಿ ಹಗ್ಗ ಎಳೆದೆ.
ತೊಟ್ಟು.
ಮತ್ತೊಂದು ತೊಟ್ಟು.
"ಗೊತ್ತು ನನಗೆ ಈ ಅವಮಾನ," ಅಂದ.

ಹಾಗಾದರೆ ಒಳಗೇ.
ಕಾಲು ಕಳಚುವಾಗ ತುಕ್ಕು ಹಿಡಿದ ಬೋಲ್ಟೊಂದು ಮುರಿಯಿತು,
ಅದರ ಕುಲವನ್ನೆಲ್ಲ ಬೈದೆ.
ಪಂಪು ಬಿಚ್ಚಿದರೆ ಅಂಗೈಯಲ್ಲಿ ರಬ್ಬರಿನ ಕರಿ ಹೂವು.
ಆರು ರೆಕ್ಕೆ ಇರಬೇಕು. ಎಣಿಸಿದೆ, ಐದು.

"ಹೊಸದು ಹಾಕು, ಹೊರಟೆ."
ಅಳಿವೆಯಲ್ಲಿ ಭರತ ಏರತೊಡಗಿತ್ತು,
ಬಲೆ ಹೊತ್ತ ಹುಡುಗರು ನನ್ನನ್ನೇ ನೋಡುತ್ತಿದ್ದರು.
ಆಗುವುದಿಲ್ಲ ಅಂದೆ. ಮುರಿದದ್ದು ಹೊರಗೆ ಬಿದ್ದಿಲ್ಲ,
ಮೇಲೆಲ್ಲೋ ಕೂತಿದೆ,
ಹೊಸದರ ನೀರನ್ನೂ ತಡೆಯುತ್ತದೆ.

ತಾಮ್ರದ ಕೊಳವೆಗೆ ಬಾಯಿಟ್ಟು ಊದಿದೆ, ನಾಲಿಗೆಯೆಲ್ಲ ಉಪ್ಪು.
ಥರ್ಮೋಸ್ಟಾಟಿನ ಮುಚ್ಚಳ ತೆಗೆದೆ.
ಅಲ್ಲಿತ್ತು, ಉಗುರಿನಷ್ಟು,
ಬೆಂದು ಮಡಚಿಕೊಂಡು.

ಪುರ್ಸು ಅದನ್ನು ಒರೆಸಿ ಜೇಬಿಗಿಳಿಸಿದ.
"ಯಾಕೆ?"
"ಡಾಕ್ಟರಿಗೆ ತೋರಿಸಬೇಕು.
ಹುಡುಕದೆ ಮಾತ್ರೆ ಬರೆಯುತ್ತಾನೆ."

ಸಂಜೆ ಎಂಜಿನ್ ಕೆಮ್ಮಿ ಹೊತ್ತಿಕೊಂಡಿತು.
ಧಾರೆ ಬಿಲ್ಲಿನಂತೆ ಬಾಗಿ ದೋಣಿಯಾಚೆ ಬಿತ್ತು.
ಹುಡುಗರು ಕೂಗಿದರು.
ಅವನೊಬ್ಬ ಸುಮ್ಮನೆ ನೋಡುತ್ತ ನಿಂತ,
ಕೊಂಚ ಹೊಟ್ಟೆಕಿಚ್ಚಿನಿಂದ.